ಎರಡು ನಿಮಿಷದ ಹೂಂ

ಜೂನ್ 5, ಗುರುವಾರ

ಮಾತಾಡಬಾರದಂತೆ! ನಾನು! ಕೋಲಾರದ ಟೊಮ್ಯಾಟೊ ಮಾರ್ಕೆಟ್ಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ಹರಾಜು ಕೂಗುತ್ತಿರುವ ಕದಿರೇಶ ನಾಲ್ಕು ವಾರ ಬಾಯಿ ಬಿಡಬಾರದಂತೆ. ಇದನ್ನು ಯಾರಿಗಾದರೂ ಹೇಳಿಕೊಂಡು ನಗೋಣ ಎಂದರೆ ಅದಕ್ಕೂ ಬಾಯಿ ಬೇಕು.

ಮಂಗಳವಾರ ಗಂಟಲಿನ ಆಪರೇಷನ್ ಆಯಿತು. ಕೂಗಿ ಕೂಗಿ ಒಳಗೆ ಗಂಟು ಬೆಳೆದಿತ್ತಂತೆ. ಡಾಕ್ಟರಮ್ಮ ನನಗಿಂತ ಹದಿನೈದು ವರ್ಷ ಚಿಕ್ಕವರು, ಆದರೆ ಬೆರಳು ತೋರಿಸಿ ಗದರುವುದರಲ್ಲಿ ನಮ್ಮ ಮಂಡಿ ಮಾಲೀಕರಿಗಿಂತ ಒಂದು ಕೈ ಮೇಲು. "ನಾಲ್ಕು ವಾರ ಒಂದು ಶಬ್ದ ಬರಬಾರದು. ಪಿಸುಗುಟ್ಟೋದು ಇನ್ನೂ ಕೆಟ್ಟದ್ದು. ಗಾಯ ಮಾಗೋಕೆ ಬಿಡದೆ ಕೂಗಿದ್ರೆ ಇರೋ ಧ್ವನೀನೂ ಹೋಗುತ್ತೆ. ಆಮೇಲೆ ನಾನೇನೂ ಮಾಡೋಕಾಗಲ್ಲ" ಎಂದರು. ನಾನು ತಲೆಯಾಡಿಸಿದೆ. ಬೇರೆ ದಾರಿ ಇರಲಿಲ್ಲ.

ಬೀಜದ ಕಂಪನಿಯವರು ಕೊಟ್ಟಿದ್ದ ಈ ಡೈರಿಯನ್ನು ತ್ರಿವೇಣಿ ಹುಡುಕಿ ತಂದು ಕೈಗಿಟ್ಟಳು. "ರೀ, ಹೇಳ್ಬೇಕು ಅನ್ಸಿದ್ದನ್ನೆಲ್ಲ ಇದರಲ್ಲಿ ಬರೀರಿ. ನನ್ನ ಮುಖಕ್ಕೆ ಕೈ ಆಡಿಸ್ಬೇಡಿ, ನೊಣ ಹೊಡೆದಂಗಿರುತ್ತೆ" ಎಂದಳು. ಹೆಂಡತಿ ಇಷ್ಟು ಖುಷಿಯಾಗಿರುವುದನ್ನು ನಾನು ಮದುವೆಯಲ್ಲೂ ನೋಡಿರಲಿಲ್ಲ.

ಮಾರ್ಕೆಟ್ಟಿನ ಚಿಂತೆ ಒಂದು ಕಡೆ ಇರಲಿ. ಭಾನುವಾರದ ಗತಿ ಏನು? ಹತ್ತು ವರ್ಷದಿಂದ ಪ್ರತಿ ಭಾನುವಾರ ನಾಲ್ಕು ಗಂಟೆಗೆ ಮುಬೀನನ ಟೈಲರ್ ಅಂಗಡಿಯಲ್ಲಿ ನಾವು ಸೇರುತ್ತೇವೆ. ಷಟರ್ ಅರ್ಧ ಇಳಿಸಿ, ಕಟಿಂಗ್ ಟೇಬಲ್ಲಿನ ಸುತ್ತ ಕೂತು, ವಾರವೆಲ್ಲ ನೋಡಿದ ಪಿಕ್ಚರು, ಟೀವಿ, ಓದಿದ ಪುಸ್ತಕ, ಎಲ್ಲವನ್ನೂ ಅಲ್ಲಿ ಜಾಲಾಡುವುದು. ಶ್ರೀನಿವಾಸಪುರದ ಲೈಬ್ರರಿಯಲ್ಲಿದ್ದು ರಿಟೈರಾದ ಶಾಮಲಮ್ಮನೋರು ಪುಸ್ತಕ ತರುತ್ತಾರೆ. ಮಾಲೂರಿನ ಕಾರ್ಖಾನೆಗೆ ಹೋಗಿಬರುವ ನರೇಶ ಬಸ್ಸಿನಲ್ಲೆಲ್ಲ ಫೋನಿನಲ್ಲಿ ಸೀರೀಸ್ ನೋಡಿಕೊಂಡು ಬರುತ್ತಾನೆ. ಮುಬೀನ್ ಟೀ ತರಿಸುತ್ತಾನೆ. ಯಾರು ಏನೇ ನೋಡಿರಲಿ, ಓದಿರಲಿ, ಅದನ್ನು ಹೇಳುವವನು ಮಾತ್ರ ನಾನು. ಅದು ಅಲ್ಲಿಯ ಪದ್ಧತಿ. ನಾನು ಹೇಳಿದರೇ ಕಥೆಗೆ ಒಂದು ಕಳೆ.

ಈ ಧ್ವನಿ ವಾಪಸ್ ಬರದೇ ಹೋದರೆ? ಬೇಡ, ಅದನ್ನು ಬರೆಯುವುದು ಬೇಡ.


ಜೂನ್ 8, ಭಾನುವಾರ

ಸ್ಲೇಟು, ಬಳಪ ಹಿಡಿದುಕೊಂಡು ಹೋದೆ. ಒಂದನೇ ಕ್ಲಾಸಿಗೆ ಸೇರಿದಂತಾಯಿತು.

ನರೇಶ ಹೊಸ ಪೊಲೀಸ್ ಪಿಕ್ಚರಿನ ಕಥೆ ಶುರು ಮಾಡಿದ. ಅಯ್ಯೋ ದೇವರೇ, ಹೇಗೆ ಹೇಳಿದ ಅಂತೀನಿ! ಸಬ್ ಇನ್‌ಸ್ಪೆಕ್ಟರು ಸಾಯುವುದು ಇಂಟರ್‌ವಲ್ ಆದಮೇಲೆ. ಇವನು ಮೊದಲನೇ ಸೀನಿನಲ್ಲೇ ಅವನನ್ನು ಮುಗಿಸಿಬಿಟ್ಟ. ನಾನು ಸ್ಲೇಟಿನ ಮೇಲೆ "ಇಂಟರ್‌ವಲ್ ಆದಮೇಲೆ ಕಣೋ ಪೆದ್ದ!" ಎಂದು ಬರೆದು ಎತ್ತಿ ಹಿಡಿಯುವ ಹೊತ್ತಿಗೆ ಮಾತು ಶಾಮಲಮ್ಮನೋರ ಮೊಣಕಾಲು ನೋವಿಗೆ ಹೋಗಿತ್ತು. "ಯಾವಾಗ ನೋಯುತ್ತೆ ಶಾಮಲಕ್ಕ?" ಎಂದು ನರೇಶ ಕೇಳಿದ್ದಕ್ಕೆ ನನ್ನ ಸ್ಲೇಟಿನ ಉತ್ತರ ಸರಿಯಾಗಿ ಹೊಂದಿಕೊಂಡಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು, ಆದರೆ ಶಬ್ದವಿಲ್ಲದೆ ನಗುವುದು ಎಷ್ಟು ಕಷ್ಟ! ಹೊಟ್ಟೆ ಹಿಡಿದುಕೊಂಡೆ.

ಆಮೇಲೆ ಶಾಮಲಮ್ಮನೋರು ಒಂದು ಕಾದಂಬರಿಯ ಕಥೆ ಹೇಳಿದರು. ಪೂರ್ತಿ ಹೇಳಿದರು. ಮುಗಿಸಿ, ಕನ್ನಡಕ ಒರೆಸುತ್ತಾ, "ಹತ್ತು ವರ್ಷದಲ್ಲಿ ಇದೇ ಮೊದಲ ಸಲ ಕಣಪ್ಪ ಕೊನೇ ಪುಟ ಮುಟ್ಟಿದ್ದು" ಎಂದರು. ಇದು ನನಗೇ ಹೇಳಿದ್ದು. ಏನು ಮಾಡಲಿ? ಸ್ಲೇಟಿನ ಮೇಲೆ ಒಂದು ಕೋತಿಯ ಚಿತ್ರ ಬರೆದು ತೋರಿಸಿದೆ.

ಅಂದಹಾಗೆ ಆ ಕಾದಂಬರಿ ಚೆನ್ನಾಗಿದೆ. ಅದರಲ್ಲಿ ಬರುವ ಹೆಂಗಸು ಬಾವಿಯ ಹತ್ತಿರ ಯಾಕೆ ವಾಪಸ್ ಬಂದಳು ಎಂದು ಕೇಳಬೇಕಿತ್ತು.


ಜೂನ್ 11, ಬುಧವಾರ

ಮಾರ್ಕೆಟ್ಟಿಗೆ ಹೋಗಬಾರದಿತ್ತು, ಹೋದೆ. ನನ್ನ ಜಾಗದಲ್ಲಿ ನಮ್ಮ ಮಂಡಿಯ ಹುಡುಗ ಆಂಜಿ ನಿಂತು ಕೂಗುತ್ತಿದ್ದಾನೆ. ಮುಳಬಾಗಿಲು ಕಡೆಯ ರೈತರೊಬ್ಬರು "ಗೊಂತು ಬಾಗುಂದಿ ರಾ ನೀದಿ" ಎಂದು ಅವನ ಬೆನ್ನು ತಟ್ಟಿದರು. ಗಂಟಲು ಚೆನ್ನಾಗಿದೆಯಂತೆ! ಇವರ ತಂದೆಯ ಕಾಲದಿಂದ ಇವರ ಕ್ರೇಟುಗಳಿಗೆ ಕೂಗಿದವನು ನಾನು, ಪಕ್ಕದಲ್ಲೇ ಕಂಬದ ಹಾಗೆ ನಿಂತಿದ್ದೆ. ಅವರು ತಿರುಗಿಯೂ ನೋಡಲಿಲ್ಲ.

ಮನೆಗೆ ಬಂದು ಊಟ ಮಾಡದೆ ಮಲಗಿದೆ.


ಜೂನ್ 15, ಭಾನುವಾರ

ಏನಾಯಿತು ಗೊತ್ತಾ? ಬರೆಯಲು ಕೈ ನಿಲ್ಲುತ್ತಿಲ್ಲ!

ನರೇಶ ಮದುವೆ ಮನೆಯ ಸೀರೀಸ್ ಹೇಳುತ್ತಿದ್ದ. ಮುಹೂರ್ತದ ದಿನವೇ ದೇವರ ಮನೆಯಲ್ಲಿಟ್ಟಿದ್ದ ಮದುಮಗಳ ಕಾಸಿನ ಸರ ಕಳವಾಗುತ್ತದೆ. "ಕದ್ದೋರು ಯಾರು ಹೇಳಿ ನೋಡೋಣ" ಎಂದ. ಶಾಮಲಮ್ಮನೋರು ಅಡಿಗೆಯವನು ಎಂದರು. ನಾನು ಅದನ್ನು ಎರಡು ಸಲ ನೋಡಿದ್ದೇನೆ, ನನಗೆ ಗೊತ್ತಿಲ್ಲವೇ! ಬಳಪ ತೆಗೆದುಕೊಂಡು ಬರೆಯಲು ಹೋದೆ. ಆಗ ಮುಬೀನ್, ಮೂಲೆಯಲ್ಲಿ ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದವನು, ತಲೆ ಎತ್ತದೆಯೇ, "ಮದುಮಗಳ ಚಿಕ್ಕಪ್ಪ" ಎಂದ.

ನಮ್ಮ ಮುಬೀನ್! ಈ ಜನ್ಮದಲ್ಲಿ "ಟೀಗೆ ಸಕ್ಕರೆ ಕಮ್ಮೀನಾ" ಬಿಟ್ಟರೆ ಬೇರೆ ಮಾತಾಡದವನು!

"ನೋಡಿದ್ದೀಯೇನಣ್ಣ?" ಎಂದ ನರೇಶ.

"ಮೊದಲನೇ ಎಪಿಸೋಡ್ ಒಂದೇ. ಅಮ್ಮಿಗೋಸ್ಕರ ಹಾಕಿದ್ದೆ."

"ಮತ್ತೆ ಹೆಂಗೆ ಗೊತ್ತಾಯ್ತು?"

"ಅವನ ಜುಬ್ಬ" ಎಂದ ಮುಬೀನ್. "ಬೆಳಿಗ್ಗೆ ತೋಳು ಉದ್ದಕ್ಕೆ ಬಿಟ್ಟಿದ್ದ. ಮಧ್ಯಾಹ್ನ ಊಟದ ಪಂಕ್ತೀಲಿ ಬಲಗಡೆ ತೋಳು ಎರಡು ಮಡಿಕೆ. ಎಡಗಡೆ ಹಂಗೇ ಇದೆ. ರೇಷ್ಮೆ ಜುಬ್ಬ ಇಸ್ತ್ರಿ ಮಾಡಿಸ್ಕೊಂಡು ಬಂದೋನು ಒಂದೇ ತೋಳು ಯಾಕೆ ಮಡಿಸ್ತಾನೆ? ತುದಿಗೆ ಏನೋ ಹತ್ತಿದೆ. ದೇವರ ಮನೆ ದೀಪದ ಮಸಿ ಇರಬೇಕು."

ಮಸಿಯೇ! ಕೊನೆಯ ಎಪಿಸೋಡಿನಲ್ಲಿ ಬಯಲಾಗುವುದು ಆ ಮಸಿಯೇ! ನರೇಶ ಕೂತಲ್ಲಿಂದ ಎದ್ದು ನಿಂತು ಚಪ್ಪಾಳೆ ಹೊಡೆದ. ಶಾಮಲಮ್ಮನೋರು "ಎಲ್ಲಿಟ್ಟಿದ್ದೆಯೋ ಇದನ್ನೆಲ್ಲ ಇಷ್ಟು ದಿನ?" ಎಂದರು. ಮುಬೀನ್ ನಾಚಿಕೊಂಡು ಇಸ್ತ್ರಿಪೆಟ್ಟಿಗೆ ಅತ್ತ ಸರಿಸಿದ. ಪ್ಯಾಂಟು ಸುಟ್ಟುಹೋಗಿತ್ತು.

ಎರಡು ಸಲ ನೋಡಿದ್ದೇನೆ. ನನಗೆ ತೋಳು ಕಂಡೇ ಇರಲಿಲ್ಲ.


ಜೂನ್ 18, ಬುಧವಾರ

ಬೈರಕೂರಿನಿಂದ ಅಮ್ಮ ಬಂದಿದ್ದಾಳೆ, ಒಂದು ಚೀಲ ಮಾವಿನಹಣ್ಣಿನ ಜೊತೆ. ಮಗನಿಗೆ ಬಾಯಿಲ್ಲ ಎಂದು ಮೊದಲು ಅತ್ತಳು. ಆಮೇಲೆ, ಎದುರುಮಾತಾಡದ ಮಗ ಸಿಕ್ಕಿದ್ದಾನೆ ಎಂದು ಗೊತ್ತಾಗಿ ಕಣ್ಣೊರೆಸಿಕೊಂಡು ಕಥೆ ಹೇಳಲು ಕೂತಳು. ಏಳು ಜನ ಅಕ್ಕತಂಗಿಯರ ಕಥೆ, ಚಿಕ್ಕಂದಿನಲ್ಲಿ ಕೇಳಿದ್ದು. ಅರ್ಧ ತೆಲುಗು, ಅರ್ಧ ಕನ್ನಡ.

ಮೂರನೇ ಅಕ್ಕ ಕಾಡಿಗೆ ಹೋಗುವಷ್ಟರಲ್ಲಿ ನಿಲ್ಲಿಸಿಬಿಟ್ಟಳು. "ಊ ಕೊಟ್ಟರಾ" ಎಂದಳು, ಹೂಂ ಅನ್ನೋ ಅಂತ. ನಾನು ಗಂಟಲು ತೋರಿಸಿದೆ. "ಅಂದ್ರೆ ಹೂಂ ಅನ್ನೋಕೂ ಆಗಲ್ವಾ? ಹೂಂ ಅನ್ನೋರಿಲ್ದೆ ಕಥೆ ಹೆಂಗಪ್ಪ ನಡಿಯುತ್ತೆ? ಎತ್ತಿಲ್ಲದ ಗಾಡಿ ಅದು" ಎಂದು ಎದ್ದು ಒಳಗೆ ಹೋದಳು. ತಲೆಯಾಡಿಸಿ ತೋರಿಸಿದೆ, ಕಣ್ಣು ಅರಳಿಸಿದೆ, ಚಪ್ಪಾಳೆ ತಟ್ಟಿದೆ. ಊಹೂಂ. ಹೂಂ ಇಲ್ಲದೆ ಕಥೆಯಿಲ್ಲ ಎಂದರೆ ಇಲ್ಲ. ಮುದುಕಿಯ ಹಟ!

ಸಂಜೆ ತ್ರಿವೇಣಿ ಅವಳ ಏಳೂವರೆ ಸೀರಿಯಲ್ಲಿನಲ್ಲಿ ನಡೆದದ್ದನ್ನು ಅಮ್ಮನಿಗೆ ಹೇಳುತ್ತಿದ್ದಳು. ಕೇಳಿಸಿಕೊಂಡೆ, ಬೇರೆ ಏನು ಕೆಲಸ? ಆ ಸೊಸೆಗೆ ನಿಜವಾಗಿ ಆಗಿರುವ ಅನ್ಯಾಯ ನೋಡಿದರೆ ರಕ್ತ ಕುದಿಯುತ್ತದೆ. ಮೂರು ವರ್ಷದಿಂದ ನಮ್ಮ ಮನೆಯಲ್ಲೇ ಓಡುತ್ತಿರುವ ಸೀರಿಯಲ್ಲು! ನಾಳೆ ಏಳೂವರೆಗೆ ಮೊದಲೇ ಊಟ ಮುಗಿಸಬೇಕು.


ಜೂನ್ 22, ಭಾನುವಾರ

ಇವತ್ತು ಮುಬೀನ್ ಒಂದು ಪಿಕ್ಚರನ್ನು ಪೂರ್ತಿ ಹೇಳಿದ. ಮುಕ್ಕಾಲು ಗಂಟೆ! ಟೀ ತಣ್ಣಗಾಗಿ ಕೆನೆ ಕಟ್ಟಿದ್ದನ್ನು ಯಾರೂ ನೋಡಲಿಲ್ಲ.

ಅವನು ಹೇಳುವ ರೀತಿಯೇ ಬೇರೆ. ಫೈಟಿಂಗು ಎರಡು ಮಾತಿನಲ್ಲಿ ಮುಗಿಯಿತು. ಆದರೆ ಹೀರೋಯಿನ್ನಿನ ರವಿಕೆ! ಇಂಟರ್‌ವಲ್ಲಿಗೆ ಮುಂಚೆ ತೋಳಿಗೆ ಬಿಗಿಯಾಗಿತ್ತಂತೆ, ಆಮೇಲೆ ಅದೇ ರವಿಕೆ ಸಡಿಲ. "ಹೊಲಿಗೆ ಬಿಚ್ಚಿಲ್ಲ, ಅವಳೇ ಇಳಿದುಹೋಗಿದ್ದಾಳೆ. ಊಟ ಬಿಟ್ಟಿದ್ದಾಳೆ ಅಂತ ಗಂಡನಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯ್ತು" ಎಂದ. ನನಗೆ ಮೈ ಜುಂ ಎಂದಿತು. ಡೈಲಾಗಿಲ್ಲ, ಕೂಗಾಟವಿಲ್ಲ, ಬರೀ ಒಂದು ರವಿಕೆ!

ಎಲ್ಲಿ ಕಲಿತ ಎಂದು ಸ್ಲೇಟಿನಲ್ಲಿ ಕೇಳಿದೆ. ಅವನ ಅಮ್ಮಿ ಶಹರ್ ಬಾನುಗೆ ಆರು ವರ್ಷದಿಂದ ಕಣ್ಣು ಕಾಣುವುದಿಲ್ಲ, ಶುಗರ್. ದಿನಾ ಸಂಜೆ ಟೀವಿ ಮುಂದೆ ಕೂತು ಅವರಿಗೆ ಕಾಣಿಸಿದ್ದನ್ನೆಲ್ಲ ಹೇಳುತ್ತಾನಂತೆ. "ಹೇಳ್ದಿದ್ರೆ ಅವಳಿಗೆ ಬರೀ ಗಲಾಟೆ ಕೇಳ್ಸುತ್ತೆ ಕದ್ರೇಶ್ ಭಾಯ್. ಯಾರು ಯಾವ ಬಣ್ಣದ ಬಟ್ಟೆ ಹಾಕಿದ್ದಾರೆ ಅಂತ ಹೇಳಿದ್ರೆ ಮಿಕ್ಕಿದ್ದು ಅವಳೇ ಕಟ್ಕೋತಾಳೆ." ಅಂಗಡಿಯ ಹಿಂದಿನ ಮನೆಯಲ್ಲೇ ಇದ್ದಾರೆ. ಮೂರು ವರ್ಷದ ಹಿಂದೆ ಅಲ್ಲಿಗೆ ಬಂದರು. ನಾನು ಒಂದು ದಿನ ಒಳಗೆ ಹೋಗಿ ನಮಸ್ಕಾರ ಮಾಡಿದವನಲ್ಲ.

ವಾಪಸ್ ಬರುವಾಗ ಶಾಮಲಮ್ಮನೋರು ಜೊತೆಗೆ ಬಂದರು. ಬಸ್ ಸ್ಟ್ಯಾಂಡ್ ಹತ್ತಿರ ನಿಂತು, "ಮುಬೀನ ಎಂಟು ವರ್ಷದ ಹಿಂದೇನೂ ಒಂದ್ಸಲ ಹಿಂಗೆ ಶುರು ಮಾಡಿದ್ದ ಕಣೋ ಕದಿರೇಶ. ನರೇಶ ಇನ್ನೂ ಕೋಲಾರಕ್ಕೇ ಬಂದಿರಲಿಲ್ಲ. ನೀನು ಮಧ್ಯೆ ಬಾಯಿ ಹಾಕಿ ಕ್ಲೈಮ್ಯಾಕ್ಸ್ ಕೂಗಿಬಿಟ್ಟೆ. ಅವತ್ತಿಂದ ಅವನು ಟೀ ತರಿಸೋನಾದ" ಎಂದರು.

ನನಗೆ ಹಾಗೇನೂ ನೆನಪಿಲ್ಲ. ಶಾಮಲಮ್ಮನೋರು ಕಾದಂಬರಿ ಜಾಸ್ತಿ ಓದುತ್ತಾರೆ. ಸುಳ್ಳು.


ಜೂನ್ 24, ಮಂಗಳವಾರ

ನೆನಪಾಯಿತು.

ಹಲ್ಲುಜ್ಜುತ್ತಿದ್ದೆ, ಬ್ರಷ್ ಬಾಯಲ್ಲೇ ಇತ್ತು. ಲಾರಿ ಪಿಕ್ಚರ್. ಘಾಟಿಯಲ್ಲಿ ಹೋಟೆಲ್ ಇಟ್ಟಿರುವ ತಾಯಿ. ದೊಡ್ಡ ಮಗ ಲಾರಿ ತೆಗೆದುಕೊಂಡು ಹೋದವನು ಬರುವುದಿಲ್ಲ, ಕಾಗದ ಮಾತ್ರ ಬರುತ್ತಿರುತ್ತದೆ. ಚಿಕ್ಕ ಮಗ ಹುಡುಕಿಕೊಂಡು ಹೋಗುತ್ತಾನೆ. ಮುಬೀನ್ ಅಷ್ಟು ಹೇಳಿದ್ದ, ಟೇಪು ಕತ್ತಿಗೆ ಹಾಕಿಕೊಂಡು, ಕಣ್ಣು ಅರಳಿಸಿಕೊಂಡು. ನಾನು ಹರಾಜು ಕೂಗುವ ಗಂಟಲಿನಲ್ಲಿ, "ಅಣ್ಣ ಮೊದಲನೇ ದಿನವೇ ಸತ್ತಿರ್ತಾನೆ ಕಣ್ರೋ! ಕಾಗದ ಬರೀತಿದ್ದೋನು ಕ್ಲೀನರು!" ಎಂದೆ. ಅವತ್ತು ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೇ ಜಾಸ್ತಿ ನಕ್ಕೆ.

ಮುಬೀನನ ಅಣ್ಣ ಅಜ್ಮತುಲ್ಲಾ ಅಷ್ಟು ಹೊತ್ತಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ನಮ್ಮ ಮಾರ್ಕೆಟ್ಟಿನಿಂದಲೇ ಟೊಮ್ಯಾಟೊ ತುಂಬಿಕೊಂಡು ಡೆಲ್ಲಿ ಕಡೆ ಹೋದ. ಲಾರಿ ವಾಪಸ್ ಬಂತು, ಬೇರೆ ಡ್ರೈವರ್ ತಂದ. ಅಜ್ಮತುಲ್ಲಾ ಇವತ್ತಿನವರೆಗೆ ಬಂದಿಲ್ಲ. ಇದು ಮಾರ್ಕೆಟ್ಟಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು.

ಥೂ ನನ್ನ ಬಾಯಿಗಿಷ್ಟು.


ಜೂನ್ 29, ಭಾನುವಾರ

ಇವತ್ತು ಶಾಮಲಮ್ಮನೋರ ಪುಸ್ತಕದ ಮೇಲೆ ದೊಡ್ಡ ಜಗಳ. ಬಾವಿಯ ಹತ್ತಿರ ವಾಪಸ್ ಬಂದ ಹೆಂಗಸು ಮಾಡಿದ್ದು ಸರಿಯೋ ತಪ್ಪೋ ಎಂದು ನರೇಶನೂ ಅವರೂ ಟೇಬಲ್ ಗುದ್ದಿಕೊಂಡು ವಾದ ಮಾಡಿದರು. ಎಷ್ಟು ಚೆನ್ನಾಗಿ ಬೈದಾಡುತ್ತಾರೆ ಇಬ್ಬರೂ! ನರೇಶನಿಗೆ ಸಿಟ್ಟು ಬಂದರೆ ಕಿವಿ ಕೆಂಪಾಗುತ್ತದೆ. ಐದು ವರ್ಷದಿಂದ ನೋಡುತ್ತಿದ್ದೇನೆ, ಇವತ್ತೇ ಕಂಡಿದ್ದು.

ಎದ್ದು ಹೊರಡುವಾಗ ಸ್ಲೇಟಿನ ಮೇಲೆ "ಆ ಲಾರಿ ಪಿಕ್ಚರ್ ಹೇಳು" ಎಂದು ಬರೆದು ಮುಬೀನನಿಗೆ ತೋರಿಸಿದೆ. ಯಾಕೆ ಬರೆದೆನೋ! ಕೈ ಬರೆಯಿತು. ಅವನು ತುಂಬಾ ಹೊತ್ತು ಸ್ಲೇಟನ್ನೇ ನೋಡಿದ. ಕತ್ತರಿಸಿದ ಬಟ್ಟೆಯ ಚೂರಿನಿಂದ ಅದನ್ನು ನಿಧಾನವಾಗಿ ಒರೆಸಿದ. ಸರಿ, ಈ ಜನ್ಮಕ್ಕೆ ಮುಗಿಯಿತು ನಮ್ಮ ಸ್ನೇಹ ಎಂದುಕೊಂಡೆ.

"ಮುಂದಿನ ವಾರ" ಎಂದ. "ಅಮ್ಮೀನೂ ಬರ್ತಾಳೆ. ಅವಳು ಆ ಪಿಕ್ಚರ್ ಕೇಳಿಲ್ಲ."


ಜುಲೈ 2, ಬುಧವಾರ

ಗಾಯ ಮಾಗಿದೆ! ಡಾಕ್ಟರಮ್ಮ ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿ "ಗುಡ್ ಬಾಯ್" ಎಂದರು. ನಲವತ್ತಾರು ವರ್ಷದವನನ್ನು!

ಆದರೆ ಮಾತು ಇನ್ನೂ ಇಲ್ಲ. ಮೊದಲು ಹೂಂ. ಬಾಯಿ ಮುಚ್ಚಿಕೊಂಡು ಮೂಗಿನಿಂದ ಮೆತ್ತಗೆ ಹೂಂ ಎನ್ನಬೇಕು, ಧ್ವನಿ ಹಾಗೇ ಹತ್ತಿಕೊಂಡು ಬರಬೇಕಂತೆ. ದಿನಕ್ಕೆ ಎರಡೇ ನಿಮಿಷ. "ಎರಡು ಅಂದ್ರೆ ಎರಡು. ಹರಾಜು ಏರ್ಸಿದಂಗೆ ಏರ್ಸ್ಬೇಡಿ" ಎಂದರು. ಒಂಬತ್ತನೇ ತಾರೀಕಿನಿಂದ ಮಾತು ಶುರು, ಆಗ ಪೂರ್ತಿ ವಾಪಸ್ ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಮನೆಗೆ ಬಂದು ದೇವರ ಮುಂದೆ ಕೂತು ಮೊದಲನೇ ಹೂಂ ಎಂದೆ. ಎಮ್ಮೆ ಕರು ಹಾಕುವಾಗಿನ ಸದ್ದು ಬಂತು. ತ್ರಿವೇಣಿ ಅಡಿಗೆಮನೆಯಿಂದ ಓಡಿ ಬಂದು ನಕ್ಕಳು, ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಒರೆಸಿಕೊಂಡೇ ಇದ್ದಳು. "ಬಂತಲ್ಲ, ಸಾಕು" ಎಂದಳು. ಪಾಪ, ನಾಲ್ಕು ವಾರದಿಂದ ಅವಳೂ ಹೆದರಿಕೊಂಡಿದ್ದಳೇನೋ.


ಜುಲೈ 6, ಭಾನುವಾರ

ಬೆಳಿಗ್ಗೆ ಹೂಂ ಮಾಡಲಿಲ್ಲ. ಎರಡು ನಿಮಿಷ ಉಳಿಸಿಕೊಂಡು ಹೋದೆ. ಯಾಕೆ ಎಂದರೆ ಹೇಳಲು ಗೊತ್ತಿಲ್ಲ. ಸುಮ್ಮನೆ ಜೇಬಿನಲ್ಲಿ ಇರಲಿ ಎನ್ನಿಸಿತು.

ಶಹರ್ ಬಾನು ಬಾಗಿಲು ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂತಿದ್ದರು. ಎಪ್ಪತ್ತು ದಾಟಿದೆ, ಬಿಳಿ ದುಪಟ್ಟ. ನಮಸ್ಕಾರ ಮಾಡಿದೆ. ಅವರಿಗೆ ಕಾಣಲಿಲ್ಲ, ನನಗೆ ಹೇಳಲು ಬಾಯಿಲ್ಲ. ಪಕ್ಕದ ಸ್ಟೂಲಿನಲ್ಲಿ ಕೂತೆ.

ಮುಬೀನ್ ಶುರು ಮಾಡಿದ. ಅಬ್ಬಾ, ಏನು ಶುರು! ಮೊದಲು ಅಂಗಿ. ದೊಡ್ಡ ಮಗನ ನೀಲಿ ಅಂಗಿಯ ಕಾಲರು ಸವೆದಿರುತ್ತದೆ, ತಾಯಿ ಅದನ್ನು ಬಿಚ್ಚಿ ಮಗುಚಿ ಹೊಲಿದು ಕೊಡುತ್ತಾಳೆ. ಒಳಗಿದ್ದದ್ದು ಹೊರಗೆ. ದಾರ ಮುಗಿದು ಕೊನೆಯ ನಾಲ್ಕು ಹೊಲಿಗೆ ಬಿಳಿ ದಾರದಲ್ಲಿ ಹಾಕುತ್ತಾಳೆ. ಆ ಅಂಗಿ ಹಾಕಿಕೊಂಡು ಅವನು ಲಾರಿ ಹತ್ತುತ್ತಾನೆ. ಈ ಪಿಕ್ಚರನ್ನು ನಾನು ಮೂರು ಸಲ ನೋಡಿದ್ದೆ. ಅಂಗಿಯ ಬಣ್ಣ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಆಮೇಲೆ ಚಿಕ್ಕವನು ಹುಡುಕಿಕೊಂಡು ಹೊರಡುವುದು. ಡಾಬಾ ಡಾಬಾ, ಲಾರಿ ಲಾರಿ. ಹಿಂದಿನಿಂದ ಯಾರನ್ನು ನೋಡಿದರೂ ಮೊದಲು ಕಾಲರ್ ನೋಡುವುದು. ಶಾಮಲಮ್ಮನೋರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ನರೇಶ ಫೋನ್ ಮಗುಚಿ ಇಟ್ಟ. ನನಗೆ ಮುಂದಿನದು ಗೊತ್ತು. ಮುಂದಿನ ಊರಿನಲ್ಲಿ ಕ್ಲೀನರು ಸಿಗುತ್ತಾನೆ, ನಿಜ ಹೇಳುತ್ತಾನೆ. ಅಜ್ಮತುಲ್ಲಾನ ತಾಯಿ ಪಕ್ಕದಲ್ಲೇ ಕೂತಿದ್ದಾರೆ, ಎರಡು ಕೈಯನ್ನೂ ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡು. ಇವನು ಏನು ಮಾಡುತ್ತಾನೆ?

"ಕೊನೇ ಡಾಬಾ" ಎಂದ ಮುಬೀನ್. "ಅಲ್ಲೊಬ್ಬ ರೊಟ್ಟಿ ತಟ್ತಾ ಇದ್ದ. ಗಡ್ಡ ಬೆಳೆದಿದೆ. ಬೆನ್ನು ಇತ್ತ ಕಡೆ. ನೀಲಿ ಅಂಗಿ. ಕಾಲರಲ್ಲಿ ನಾಲ್ಕು ಬಿಳಿ ಹೊಲಿಗೆ."

ಇಲ್ಲ! ಪಿಕ್ಚರಿನಲ್ಲಿ ಹಾಗಿಲ್ಲ! ಡಾಬಾ ಇಲ್ಲ, ರೊಟ್ಟಿ ಇಲ್ಲ, ಯಾರೂ ಸಿಗುವುದಿಲ್ಲ! ನನ್ನ ನಾಲಿಗೆ ಹಲ್ಲಿನ ಹಿಂದೆ ಬಂದು ನಿಂತಿತು. ಇಪ್ಪತ್ತೆರಡು ವರ್ಷದ ಅಭ್ಯಾಸ, ಸುಮ್ಮನಿರುತ್ತದೆಯೇ?

ಮುಬೀನ್ ಅಲ್ಲಿಗೆ ನಿಲ್ಲಿಸಿದ. ನನ್ನ ಕಡೆ ನೋಡಿದ. ಆ ಅಂಗಡಿಯಲ್ಲಿ ನಾನೊಬ್ಬನೇ ಅದನ್ನು ನೋಡಿರುವವನು ಎಂದು ಅವನಿಗೆ ಗೊತ್ತು. ಕೈಯಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದ.

ನರೇಶನಿಗೆ ಇದೇನೂ ಗೊತ್ತಿಲ್ಲ. "ಕದಿರಣ್ಣ, ನೀವು ನೋಡಿದ್ದೀರಲ್ಲ? ನಿಜವಾಗ್ಲೂ ಸಿಗ್ತಾನಾ? ಹಿಂಗೇನಾ ಇರೋದು?" ಎಂದು ನನ್ನನ್ನೇ ಕೇಳಿದ. ಶಾಮಲಮ್ಮನೋರಿಗೆ ಗೊತ್ತು. ಎಂಟು ವರ್ಷದ ಹಿಂದೆ ನಾನು ಕೂಗಿದ್ದು ಅವರ ಕಿವಿಯಲ್ಲಿ ಇದ್ದೇ ಇರುತ್ತದೆ. ಅವರು ನನ್ನ ಮುಖವನ್ನೇ ನೋಡಿದರು.

ನಾನು ಬಾಯಿ ಮುಚ್ಚಿಕೊಂಡು, ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ, ಮೂಗಿನಿಂದ ಮೆತ್ತಗೆ "ಹೂಂ" ಎಂದೆ.

ಮುಬೀನ್ ಮುಖ ತಿರುಗಿಸಿ ಒಂದು ಸಲ ಮೂಗು ಒರೆಸಿಕೊಂಡ. ಆಮೇಲೆ ಹೇಳಿದ. "ತಮ್ಮ ಹಿಂದಿನಿಂದ ಹೋಗಿ ಭುಜ ಮುಟ್ಟಿದ."

"ಹೂಂ."

"ಅಣ್ಣ ತಿರುಗಿದ. ರೊಟ್ಟಿ ಕೈಯಲ್ಲೇ ಇದೆ."

"ಹೂಂ."

ಬಂದಿತು ನೋಡಿ ಕಥೆಗೆ ವೇಗ! ನಾನು ಹೂಂ ಎಂದಷ್ಟೂ ಅವನು ಹೇಳಿದ, ಅವನು ಹೇಳಿದಷ್ಟೂ ನಾನು ಹೂಂ ಎಂದೆ. ಅಣ್ಣತಮ್ಮ ಲಾರಿ ಹತ್ತಿದರು, ಎರಡು ಹಗಲು ಎರಡು ರಾತ್ರಿ ಬಂದರು, ಘಾಟಿ ಏರಿದರು. ಮನೆಯ ಮುಂದೆ ಕರೆಂಟು ಇಲ್ಲ. ತಾಯಿ ಕತ್ತಲಲ್ಲಿ ಯಾರು ಎನ್ನುತ್ತಾಳೆ. ಮಗನಿಗೆ ಮಾತು ಹೊರಡುವುದಿಲ್ಲ, ಬಗ್ಗಿ ನಿಲ್ಲುತ್ತಾನೆ. ಅವಳು ಕೈ ಚಾಚಿ ಕತ್ತಿನ ಹತ್ತಿರ ತಡವುತ್ತಾಳೆ. "ಬೆರಳಿಗೆ ಹೊಲಿಗೆ ಸಿಕ್ತು. ಒಂದು, ಎರಡು, ಮೂರು, ನಾಲ್ಕು" ಎಂದ ಮುಬೀನ್. "ಅಷ್ಟೇ. ಮುಗೀತು."

"ಹೂಂ" ಎಂದೆ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ.

ಆಮೇಲೆ ಶಹರ್ ಬಾನು ಕೇಳಿದರು, "ಯಾರಪ್ಪ ಅದು ಹೂಂ ಹೂಂ ಅಂತಿದ್ದಿದ್ದು? ಹೊಸಬರಾ? ಚೆನ್ನಾಗಿ ಕಥೆ ಕೇಳ್ತಾರೆ."

ನರೇಶ ಗೊಳ್ಳೆಂದು ನಕ್ಕ.

"ಆ ಜೋರು ಬಾಯಿಯವನು ಇವತ್ತೂ ಬರ್ಲಿಲ್ವಾ?" ಎಂದರು ಅವರು. "ಮೂರು ವರ್ಷದಿಂದ ಗೋಡೆ ಆಚೆಯಿಂದ ಕೇಳ್ತಿದೀನಿ. ಅವನು ಬಂದಿದ್ರೆ ಕಥೆ ಅರ್ಧದಲ್ಲೇ ಮುಗಿಸಿಬಿಡ್ತಿದ್ದ."

"ಅವನೇ ಅಮ್ಮಿ, ಹೂಂ ಅಂದಿದ್ದು" ಎಂದ ಮುಬೀನ್.

"ಹೋಗೋ ಬೇಟಾ" ಎಂದು ಶಹರ್ ಬಾನು ಮಗನ ಕೈ ತಟ್ಟಿದರು. "ಸುಳ್ಳು ಹೇಳ್ಬೇಡ. ಇವತ್ತಿಗೆ ಕಥೇಲಿ ಹೇಳಿದ್ದೇ ಸಾಕು."

ಮುಬೀನ್ ನಿಂತಲ್ಲೇ ನಿಂತ. ನಾವೂ. ಅವರಿಗೆ ಗೊತ್ತಿತ್ತು. ಆ ಪಿಕ್ಚರ್ ಬಂದ ವರ್ಷ ಇಡೀ ಕೋಲಾರ ಅದರದ್ದೇ ಮಾತಾಡಿತ್ತು, ಲಾರಿಯಲ್ಲಿ ಹೋದ ಮಗನ ತಾಯಿಯ ಕಿವಿಗೆ ಬೀಳದೇ ಇರುತ್ತದೆಯೇ? ಗೊತ್ತಿದ್ದೂ ಕೂತು ಕೊನೆಯವರೆಗೆ ಕೇಳಿದರು. ಅವರ ಮುಖದಲ್ಲಿ ದುಃಖವಿರಲಿಲ್ಲ. ಆ ನಾಲ್ಕು ಹೊಲಿಗೆಯನ್ನು ಇನ್ನೂ ಬೆರಳಲ್ಲಿ ಹಿಡಿದುಕೊಂಡ ಹಾಗೆ ದುಪಟ್ಟದ ಅಂಚನ್ನು ತಡವುತ್ತಿದ್ದರು.

ನಾನು ಬಗ್ಗಿ ಅವರ ಕೈ ಹಿಡಿದುಕೊಂಡೆ. ಹೂಂ ಎಂದೆ. ಅವರು ನನ್ನ ಗಂಟಲನ್ನು ಮುಟ್ಟಿ ನೋಡಿ, "ಅರೇ, ಇವನೇ!" ಎಂದರು. ನಕ್ಕರು. "ಮುಂದಿನ ವಾರಾನೂ ಹಿಂಗೇ ಬಾ."

ಡಾಕ್ಟರಮ್ಮ ಕೊಟ್ಟಿದ್ದು ಎರಡು ನಿಮಿಷ. ಇವತ್ತು ಅರ್ಧ ಗಂಟೆಯಾದರೂ ಆಗಿರಬೇಕು. ಗಂಟಲು ಸ್ವಲ್ಪ ಉರಿಯುತ್ತಿದೆ, ಬುಧವಾರ ಬೈಗುಳ ಖಂಡಿತ. ಆಂಜಿಗೆ ಇನ್ನೂ ಒಂದು ವಾರ ಕೂಗು ಎಂದು ಹೇಳಿ ಕಳುಹಿಸಬೇಕು. ಬೈರಕೂರಿಗೆ ಅಮ್ಮನಿಗೂ ಫೋನ್ ಮಾಡಿಸಬೇಕು, ಮೂರನೇ ಅಕ್ಕ ಕಾಡಿನಲ್ಲೇ ಇದ್ದಾಳೆ.